ಎಟಿಆರ್ ರೇಟಿಂಗ್‌ಗೆ ದುಡ್ಡು ಕಟ್ಟುವ ಮುನ್ನ

ಶಿವಮೊಗ್ಗದ ವಿಮಾನ ನಿಲ್ದಾಣದಲ್ಲಿ ಮೊದಲ ನಿಗದಿತ ಪ್ರಯಾಣಿಕ ವಿಮಾನ ಇಳಿದದ್ದು 2023ರ ಆಗಸ್ಟ್ 31ರಂದು. ಬೆಂಗಳೂರಿನಿಂದ ಬಂದ ಇಂಡಿಗೊದ ಎಟಿಆರ್ 72-600 ಅದು. ಅದಕ್ಕೂ ಇಪ್ಪತ್ತು ವರ್ಷ ಹಿಂದೆ, 2003ರಲ್ಲಿ, ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಶುರು ಮಾಡಿದ್ದೂ ಎಟಿಆರ್ ವಿಮಾನಗಳಿಂದಲೇ. ಹಾಗಾಗಿ ರೆಕ್ಕೆಗೊಂದು ಫ್ಯಾನ್ ಇರುವ ಈ ವಿಮಾನ ನಮ್ಮ ಊರುಗಳಿಗೆ ಹೊಸತಲ್ಲ. ಒಳಗಿರುವುದು ಜೆಟ್ ಎಂಜಿನ್‌ನ ಜಾತಿಯದೇ. ಆದರೆ ಅದರ ಶಕ್ತಿಯ ಬಹುಪಾಲು ಪ್ರೊಪೆಲರ್ ತಿರುಗಿಸಲು ಹೋಗುತ್ತದೆ. ಇದಕ್ಕೇ ಟರ್ಬೊಪ್ರಾಪ್ ಎನ್ನುವುದು. ಇಂಧನ ಕಡಿಮೆ ಸಾಕು, ಚಿಕ್ಕ ರನ್‌ವೇ ಸಾಕು, ಮುನ್ನೂರು–ನಾನೂರು ಕಿಲೋಮೀಟರಿನ ಓಡಾಟಕ್ಕೆ ಹೇಳಿ ಮಾಡಿಸಿದ್ದು.

ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್, ಕೈಗೆ ಬಂದ ಮಕ್ಕಳಿಗೆ ಮತ್ತು ಅವರ ಹಿಂದೆ ಸಾಲದ ಕಾಗದ ಹಿಡಿದು ನಿಂತ ತಂದೆ ತಾಯಿಗೆ ಈಗ ಎದುರಾಗುವ ಪ್ರಶ್ನೆ ಟೈಪ್ ರೇಟಿಂಗ್‌ನದು. ಇನ್ನೂರು ಗಂಟೆ ಹಾರಿ ಪಡೆದ ಸಿಪಿಎಲ್, ಕಲಿತ ಸೆಸ್ನಾ 172 ಮತ್ತು ಒಂದು ಸಣ್ಣ ಎರಡೆಂಜಿನ್ ವಿಮಾನದ ಮಟ್ಟಿಗೆ ಲೈಸೆನ್ಸ್. ಸೆಸ್ನಾ ತೂಗುವುದು ಒಂದು ಟನ್ನಿಗಿಂತ ತುಸು ಹೆಚ್ಚು. ಎಟಿಆರ್ 72-600 ಟೇಕಾಫ್ ಆಗುವಾಗ 23 ಟನ್‌ವರೆಗೆ ತೂಗುತ್ತದೆ. ಅದರ ಬಲಗಡೆ ಸೀಟಿನಲ್ಲಿ ಕೂರಬೇಕಾದರೆ ಆ ಮಾದರಿಯ ವಿಮಾನವನ್ನೇ ಕಲಿತು, ಪರೀಕ್ಷೆ ಪಾಸಾಗಿ, ಲೈಸೆನ್ಸಿನಲ್ಲಿ ಅದರ ಹೆಸರು ಬರೆಸಿಕೊಳ್ಳಬೇಕು. ಅದೇ ಟೈಪ್ ರೇಟಿಂಗ್. ಎ320ಗೆ ಬೇರೆ, ಬೋಯಿಂಗ್ 737ಗೆ ಬೇರೆ, ಎಟಿಆರ್‌ಗೆ ಬೇರೆ. ಖರ್ಚು ಹತ್ತು ಲಕ್ಷ ದಾಟುವುದು ಸಾಮಾನ್ಯ. ಸಿಪಿಎಲ್‌ಗೆ ಅರ್ಧ ಕೋಟಿಯಷ್ಟು ಸುರಿದ ಮನೆಗೆ "ಇಷ್ಟು ಹಾಕಿದ್ದೇವೆ, ಇನ್ನಿಷ್ಟು ಹಾಕಿಬಿಡೋಣ" ಅನ್ನಿಸುವುದು ಸಹಜ. ತರಬೇತಿ ಸಂಸ್ಥೆಗಳ ಮಾರ್ಕೆಟಿಂಗ್ ವಿಭಾಗ ಕಾದು ಕೂತಿರುವುದೂ ಈ ಘಳಿಗೆಗೇ.

ಮೊದಲು ಕಂಪನಿ, ಆಮೇಲೆ ಶಾಲೆ

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವುದಾದರೂ ವಿಮಾನಯಾನ ಕಂಪನಿ "ಇವರನ್ನು ತೆಗೆದುಕೊಳ್ಳುತ್ತೇವೆ" ಎಂದು ಕಾಗದದಲ್ಲಿ ಬರೆದುಕೊಡುವವರೆಗೆ ಹೊಸ ಸಿಪಿಎಲ್‌ನವರು ಸ್ವಂತ ದುಡ್ಡಿನಲ್ಲಿ ಎಟಿಆರ್ ರೇಟಿಂಗ್ ಮಾಡಬಾರದು.

ಕಾರಣ ಸರಳ. ಭಾರತದಲ್ಲಿ ಎಟಿಆರ್ ಹಾರಿಸುವ ನಿಗದಿತ ವಿಮಾನಯಾನ ಕಂಪನಿಗಳನ್ನು ಬೆರಳಲ್ಲಿ ಎಣಿಸಬಹುದು: ಇಂಡಿಗೊ, ಅಲಯನ್ಸ್ ಏರ್, 2024ರಲ್ಲಿ ಗೋವಾದಿಂದ ಹಾರಾಟ ಶುರು ಮಾಡಿದ ಫ್ಲೈ91. ಇನ್ನೊಂದು ದೊಡ್ಡ ಟರ್ಬೊಪ್ರಾಪ್ ಆದ ಕ್ಯೂ400 ಸ್ಪೈಸ್‌ಜೆಟ್ ಬಳಿ ಮಾತ್ರ. ನಮ್ಮ ಬೆಂಗಳೂರಿನ ಸ್ಟಾರ್ ಏರ್ ಚಿಕ್ಕ ಊರುಗಳಿಗೇ ಹಾರಿದರೂ ಅದರ ವಿಮಾನಗಳು ಎಂಬ್ರೇಯರ್ ಜೆಟ್. ಬೀದರ್‌ಗೆ, ಬೆಳಗಾವಿಗೆ ಹೋಗುತ್ತದೆ ಎಂದ ಮಾತ್ರಕ್ಕೆ ಎಟಿಆರ್ ರೇಟಿಂಗ್ ಅಲ್ಲಿ ನಡೆಯುವುದಿಲ್ಲ. ಕಡಪ, ವಿದ್ಯಾನಗರಗಳಿಗೆ ಎಟಿಆರ್ ಹಾರಿಸುತ್ತಿದ್ದ ಟ್ರೂಜೆಟ್ 2022ರಲ್ಲಿ ನಿಂತೇಹೋಯಿತು. ಎ320 ರೇಟಿಂಗ್ ಹಿಡಿದು ಕಾಯುವವರಿಗೆ ಮುಂದೆ ದೊಡ್ಡ ಪೇಟೆಯಾದರೂ ಇದೆ, ಎಟಿಆರ್‌ನವರಿಗೆ ಇರುವುದು ಮೂರೇ ಬಾಗಿಲು.

ರೇಟಿಂಗ್ ತೆಗೆದುಕೊಂಡು ಮನೆಯಲ್ಲಿಟ್ಟರೆ ಅದು ಪದವಿ ಪ್ರಮಾಣಪತ್ರದ ಹಾಗೆ ಗೋಡೆಯ ಮೇಲೆ ಉಳಿಯುವುದಿಲ್ಲ. ಪೈಲಟ್ ತನ್ನ ಮಾದರಿಯ ಮೇಲೆ ನಿಗದಿತ ಅವಧಿಗೊಮ್ಮೆ ಪ್ರಾವೀಣ್ಯ ಪರೀಕ್ಷೆ ಕೊಡುತ್ತಲೇ ಇರಬೇಕು. ಕೆಲಸ ಸಿಗದೆ ವರ್ಷ ಕಳೆದರೆ ಮತ್ತೆ ಸಿಮ್ಯುಲೇಟರ್, ಮತ್ತೆ ಖರ್ಚು. ಅಷ್ಟರಲ್ಲಿ ಕಂಪನಿಯವರು ಕೇಳುವ ಮೊದಲ ಪ್ರಶ್ನೆ, "ಕೊನೆಯ ಸಲ ಹಾರಿದ್ದು ಯಾವಾಗ?"

ಇನ್ನೊಂದು ಗಂಟಿದೆ. ಸಿಮ್ಯುಲೇಟರಿನಲ್ಲೇ ಎಲ್ಲ ಮುಗಿಸುವ ಸೌಲಭ್ಯ ಇರುವುದು ಇಂಥ ವಿಮಾನಗಳಲ್ಲಿ ಮೊದಲೇ ಅನುಭವ ಉಳ್ಳವರಿಗೆ. ಹೊಸಬರು ನಿಜವಾದ ವಿಮಾನದಲ್ಲಿ, ಪ್ರಯಾಣಿಕರಿಲ್ಲದೆ, ಹತ್ತಿ ಇಳಿದು ತೋರಿಸಬೇಕು. ಇದನ್ನು ಬೇಸ್ ಟ್ರೇನಿಂಗ್ ಎನ್ನುತ್ತಾರೆ. ಐರೋಪ್ಯ ಪದ್ಧತಿಯಲ್ಲಿ ಸಾಮಾನ್ಯವಾಗಿ ಆರು ಲ್ಯಾಂಡಿಂಗ್. ಕೇಳಲು ಅರ್ಧ ದಿನದ ಕೆಲಸ. ಆದರೆ ಅದಕ್ಕೆ ಖಾಲಿ ಎಟಿಆರ್ ಬೇಕು, ತರಬೇತುದಾರ ಕ್ಯಾಪ್ಟನ್ ಬೇಕು, ರನ್‌ವೇ ಸಮಯ ಬೇಕು. ಸಿಮ್ಯುಲೇಟರ್ ಇಟ್ಟುಕೊಂಡ ಶಾಲೆಯ ಬಳಿ ವಿಮಾನ ಇರುವುದಿಲ್ಲ, ವಿಮಾನ ಇರುವುದು ಕಂಪನಿಯ ಬಳಿ. "ಕೋರ್ಸ್ ಕಂಪ್ಲೀಟ್" ಎಂಬ ಸರ್ಟಿಫಿಕೇಟ್ ಕೈಯಲ್ಲಿದ್ದೂ ಲೈಸೆನ್ಸಿನಲ್ಲಿ ಎಟಿಆರ್ ಹೆಸರು ಏರದೆ ಉಳಿಯುವುದು ಇಲ್ಲಿಯೇ. ಬೇಸ್ ಟ್ರೇನಿಂಗ್ ಯಾರು ಮಾಡಿಸುತ್ತಾರೆ, ಯಾವ ವಿಮಾನದಲ್ಲಿ, ಶುಲ್ಕದಲ್ಲಿ ಸೇರಿದೆಯೇ? ಶಾಲೆಗೆ ಕೇಳಬೇಕಾದ ಮೊದಲ ಪ್ರಶ್ನೆ ಇದು. ಉತ್ತರ ತಡವರಿಸಿದರೆ ಅಲ್ಲಿಂದ ಏಳಿ.

ಕಂಪನಿಗಳು ಆಗೀಗ "ನಾನ್ ಟೈಪ್ ರೇಟೆಡ್" ಅಭ್ಯರ್ಥಿಗಳನ್ನು ಕರೆಯುತ್ತವೆ. ಲಿಖಿತ ಪರೀಕ್ಷೆ, ಸೈಕೊಮೆಟ್ರಿಕ್, ಸಂದರ್ಶನ ಎಲ್ಲ ಮುಗಿದ ಮೇಲೆ ತಮ್ಮ ಒಪ್ಪಂದವಿರುವ ಶಾಲೆಗೆ ಕಳಿಸುತ್ತವೆ. ದುಡ್ಡು ನಿಮ್ಮದೇ ಆಗಬಹುದು, ಇಲ್ಲವೇ ಇಷ್ಟು ವರ್ಷ ಬಿಟ್ಟು ಹೋಗುವುದಿಲ್ಲ ಎಂಬ ಬಾಂಡ್ ಬರೆಸಿಕೊಳ್ಳಬಹುದು. ಬಾಂಡ್ ಎಂದೊಡನೆ ಮನೆಯವರು ಹೆದರುತ್ತಾರೆ. ಕೆಲಸವಿಲ್ಲದ ರೇಟಿಂಗ್‌ಗಿಂತ ಕೆಲಸವಿರುವ ಬಾಂಡ್ ಎಷ್ಟೋ ಮೇಲು. ಬಾಂಡ್ ಮೊತ್ತ ವರ್ಷ ಕಳೆದಂತೆ ಇಳಿಯುತ್ತದೆಯೇ, ಕಂಪನಿಯೇ ಮುಚ್ಚಿದರೆ ಏನು ಗತಿ ಎಂಬುದನ್ನು ಮಾತ್ರ ವಕೀಲರೊಬ್ಬರಿಗೆ ತೋರಿಸಿ ಓದಿಸಿಕೊಳ್ಳಿ.

ಮಾನ್ಯತೆ ಒಂದಲ್ಲ, ಎರಡು

ಶಾಲೆ ಆರಿಸುವ ಆಯ್ಕೆ ನಿಮ್ಮ ಕೈಯಲ್ಲೇ ಉಳಿಯಿತು ಎನ್ನೋಣ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ಮಾನ್ಯತೆ ಎಂದರೆ ಗೋಡೆಯ ಮೇಲೆ ತೂಗುಹಾಕಿದ ಒಂದು ಫ್ರೇಮು ಎಂದುಕೊಳ್ಳಬೇಡಿ. ಸಂಸ್ಥೆಗೆ ಒಂದು ಮಾನ್ಯತೆ, ಅಲ್ಲಿರುವ ಪ್ರತಿ ಸಿಮ್ಯುಲೇಟರಿಗೆ ಇನ್ನೊಂದು. ಎರಡಕ್ಕೂ ಅವಧಿ ಉಂಟು. ನಿಮ್ಮ ಕೋರ್ಸಿನ ನಡುವೆ ಯಾವುದಾದರೂ ಮುಗಿಯುತ್ತದೆಯೇ ನೋಡಿ. ಎ320 ಕಲಿಸಲು ಹೆಸರಾದ ಸಂಸ್ಥೆಗೆ ಎಟಿಆರ್ ಕೋರ್ಸಿನ ಅನುಮತಿ ಇದ್ದೇ ಇರುತ್ತದೆ ಎಂದೇನೂ ಇಲ್ಲ.

ಸಿಮ್ಯುಲೇಟರಿನಲ್ಲೂ ಬಗೆಗಳಿವೆ. ಅಲುಗಾಡದ, ಗುಂಡಿಗಳ ಅಭ್ಯಾಸಕ್ಕಷ್ಟೇ ಇರುವ ಯಂತ್ರಗಳು ಕೋರ್ಸಿನ ಮೊದಲ ಭಾಗಕ್ಕೆ ಸರಿ, ಅವು ಅಗ್ಗ ಕೂಡ. ಹೈಡ್ರಾಲಿಕ್ ಅಥವಾ ವಿದ್ಯುತ್ ಕಾಲುಗಳ ಮೇಲೆ ನಿಂತು ಆರೂ ದಿಕ್ಕಿಗೆ ಅಲುಗಾಡುವ, ಕಿಟಕಿಯಾಚೆ ಪೂರ್ತಿ ದೃಶ್ಯ ತೋರಿಸುವ ಯಂತ್ರವೇ ಫುಲ್ ಫ್ಲೈಟ್ ಸಿಮ್ಯುಲೇಟರ್. ಅದರಲ್ಲಿ ಮೇಲಿನ ದರ್ಜೆ ಲೆವೆಲ್ ಡಿ. ಒಟ್ಟು ಗಂಟೆ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ಅದರಲ್ಲಿ ಲೆವೆಲ್ ಡಿ ಗಂಟೆ ಎಷ್ಟು ಎಂದು ಕೇಳಿ.

ಮಾದರಿಯೂ ಮುಖ್ಯ. ಇಂಡಿಗೊ ಹಾರಿಸುವುದು 72-600. ಅದರ ಕಾಕ್‌ಪಿಟ್‌ನಲ್ಲಿ ಐದು ಎಲ್‌ಸಿಡಿ ಪರದೆ. ಹಿಂದಿನ 72-500ರಲ್ಲಿ ಬಹುಪಾಲು ಮುಳ್ಳಿನ ಮೀಟರುಗಳು. ಹೊರದೇಶದ ಕೆಲ ಶಾಲೆಗಳ ದರ ಅಗ್ಗವಾಗಿ ಕಂಡರೆ ಸಿಮ್ಯುಲೇಟರ್ 500ರದೇ ಎಂದು ವಿಚಾರಿಸಿ. ಹೌದಾದರೆ ಇಲ್ಲಿಗೆ ಬಂದ ಮೇಲೆ ವ್ಯತ್ಯಾಸದ ತರಬೇತಿ ಎಂದು ಮತ್ತೆ ತೆರಬೇಕು.

ಎಡ ಕಾಲೋ, ಬಲ ಕಾಲೋ

ಸಿಮ್ಯುಲೇಟರಿನ ಸೇತುವೆ ಹಿಂದೆ ಸರಿಯುತ್ತದೆ, ಯಂತ್ರ ಮೇಲೇಳುತ್ತದೆ. ಕಿಟಕಿಯಲ್ಲಿ ರಾತ್ರಿಯ ರನ್‌ವೇ. ಪವರ್ ಲಿವರ್ ಮುಂದಕ್ಕೆ, ವೇಗ ನೂರು ನಾಟ್ ದಾಟುತ್ತದೆ. ಜೊತೆಗಿರುವವರು "ವಿ-ಒನ್" ಎನ್ನುತ್ತಾರೆ. ಇನ್ನು ನಿಲ್ಲಿಸುವಂತಿಲ್ಲ, ಹಾರಲೇಬೇಕು. ಆ ಕ್ಷಣ ಹಿಂದೆ ಕೂತ ತರಬೇತುದಾರರು ಪರದೆಯ ಮೇಲೆ ಒಂದು ಬೆರಳು ಒತ್ತುತ್ತಾರೆ, ಒಂದು ಎಂಜಿನ್ ಸಾಯುತ್ತದೆ. ಮೂಗು ಅತ್ತ ಎಳೆಯುತ್ತದೆ. ಅದನ್ನು ಎದುರು ಬದಿಯ ಕಾಲಿನಿಂದ ರಡ್ಡರ್ ಒತ್ತಿ ನೆಟ್ಟಗೆ ಹಿಡಿಯಬೇಕು. ಸತ್ತ ಎಂಜಿನ್ನಿನ ಪ್ರೊಪೆಲರ್ ಹಾಗೇ ತಿರುಗಿದರೆ ಗಾಳಿಗೆ ಅಡ್ಡಗೋಡೆ. ಆದ್ದರಿಂದ ಎಟಿಆರ್‌ನ ಸ್ವಯಂಚಾಲಿತ ವ್ಯವಸ್ಥೆ ಅದರ ಅಲಗುಗಳನ್ನು ಗಾಳಿಯ ದಿಕ್ಕಿಗೆ ತಿರುಗಿಸಿಬಿಡುತ್ತದೆ, ಇದನ್ನು ಫೆದರ್ ಎನ್ನುತ್ತಾರೆ. ಜೀವಂತ ಎಂಜಿನ್ನಿನ ಶಕ್ತಿಯನ್ನೂ ತಾನೇ ಏರಿಸುತ್ತದೆ. ಪೈಲಟ್ ಮಾಡಬೇಕಾದದ್ದು ವಿಮಾನ ಹಾರಿಸುವುದು, ಯಾವ ಎಂಜಿನ್ ಹೋಯಿತು ಎಂದು ಇಬ್ಬರೂ ನೋಡಿ ಖಚಿತಪಡಿಸಿಕೊಳ್ಳುವುದು, ಆಮೇಲೆ ನಿಧಾನವಾಗಿ ಲಿವರ್ ಮುಟ್ಟುವುದು.

ಈ "ನಿಧಾನವಾಗಿ" ಎನ್ನುವುದಕ್ಕೇ ನೀವು ದುಡ್ಡು ಕೊಡುತ್ತಿರುವುದು. 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷ್ಯಾ 235, ಇದೇ 72-600, ಮೇಲೇರಿದ ಕೂಡಲೇ ಬಲ ಎಂಜಿನ್ನಿನ ಪ್ರೊಪೆಲರ್ ತಾನಾಗಿ ಫೆದರ್ ಆಯಿತು. ಕ್ಯಾಪ್ಟನ್ ಕೈ ಹೋದದ್ದು ಎಡ ಎಂಜಿನ್ನಿಗೆ. ಸರಿಯಾಗಿದ್ದ ಎಂಜಿನ್ನನ್ನೇ ಆರಿಸಿದರು. ವಿಮಾನ ಮೇಲ್ಸೇತುವೆಗೆ ರೆಕ್ಕೆ ತಾಗಿಸಿ ನದಿಗೆ ಬಿತ್ತು. 58 ಜನರಲ್ಲಿ 43 ಮಂದಿ ಸತ್ತರು. ಟೇಕಾಫ್‌ನಲ್ಲಿ ಎಂಜಿನ್ ಹೋದಾಗ ಈ ಕ್ಯಾಪ್ಟನ್ ಗಡಿಬಿಡಿ ಮಾಡುವ ಸೂಚನೆ ಅವರ ತರಬೇತಿ ದಾಖಲೆಯಲ್ಲೇ ಇತ್ತು ಎಂದು ತನಿಖೆ ಗುರುತಿಸಿತು. ದಾಖಲೆಯಲ್ಲಿ ಕಂಡದ್ದನ್ನು ಯಾರೂ ತಡೆದು ನಿಲ್ಲಿಸಲಿಲ್ಲ.

2023ರ ಜನವರಿ 15ರ ಪೋಖರಾ ಅಪಘಾತ ನಮ್ಮವರಿಗೆ ಇನ್ನೂ ನೆನಪಿದೆ. ಯೇತಿ ಏರ್‌ಲೈನ್ಸ್‌ನ 72-500, 72 ಜನ, ಒಬ್ಬರೂ ಉಳಿಯಲಿಲ್ಲ. ಎಟಿಆರ್‌ನ ನಡುಪೀಠದಲ್ಲಿ ಪವರ್ ಲಿವರ್‌ಗಳ ಪಕ್ಕ ಪ್ರೊಪೆಲರ್ ಹಾಗೂ ಇಂಧನ ನಿಯಂತ್ರಿಸುವ ಎರಡು ಕಂಡಿಷನ್ ಲಿವರ್, ಅವುಗಳ ಬಲಕ್ಕೆ ಫ್ಲಾಪ್ ಲಿವರ್. ಇಳಿಯುವ ಮುನ್ನ ಫ್ಲಾಪ್ ಕೇಳಿದಾಗ ಕಂಡಿಷನ್ ಲಿವರ್‌ಗಳೆರಡೂ ಫೆದರ್ ಸ್ಥಾನಕ್ಕೆ ಹೋದವು, ಎರಡೂ ಪ್ರೊಪೆಲರ್‌ಗಳ ಎಳೆತ ಸೊನ್ನೆಯಾಯಿತು. ಬಲಗಡೆ ಕೂತಿದ್ದವರು ಹೊಸಬರಲ್ಲ, ಸ್ವತಃ ತರಬೇತುದಾರ ಕ್ಯಾಪ್ಟನ್. ಲಿವರ್ ಮುಟ್ಟುವ ಮುನ್ನ ನೋಡಿ, ಹೆಸರು ಹೇಳಿ, ಜೊತೆಯವರಿಂದ "ಸರಿ" ಅನ್ನಿಸಿಕೊಂಡು ಸರಿಸುವ ಶಿಸ್ತು ಇಪ್ಪತ್ತು ವರ್ಷದ ಅನುಭವಸ್ಥರಿಗೂ ಕೈಕೊಡುತ್ತದೆ ಎಂದಮೇಲೆ ಇನ್ನೂರು ಗಂಟೆಯ ಹುಡುಗನಿಗೆ ಅದನ್ನು ಎಷ್ಟು ಸಲ ಮಾಡಿಸಿದರೂ ಹೆಚ್ಚಲ್ಲ.

ಆದ್ದರಿಂದ ಶಾಲೆಯಲ್ಲಿ ವಿಚಾರಿಸಬೇಕಾದ್ದು, ಟೇಕಾಫ್‌ನ ಎಂಜಿನ್ ವೈಫಲ್ಯವನ್ನು ಎಷ್ಟು ಸೆಷನ್‌ಗಳಲ್ಲಿ ಕೊಡುತ್ತಾರೆ, ಎಡ ಬಲ ಬದಲಿಸಿ ಕೊಡುತ್ತಾರೆಯೇ, ಹೇಳದೆ ಕೊಡುತ್ತಾರೆಯೇ, ಪರೀಕ್ಷೆಗೆ ಬೇಕಾದ ಒಂದೇ ನಮೂನೆಯನ್ನು ಬಾಯಿಪಾಠ ಮಾಡಿಸಿ ಬಿಡುತ್ತಾರೆಯೇ ಎಂಬುದನ್ನು. ಅಲ್ಲಿ ಓದಿ ಹೊರಬಂದ ಇಬ್ಬರು ಮೂವರನ್ನು ಫೋನಿನಲ್ಲಿ ಹಿಡಿದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಹಿಮದ ಪಾಠವನ್ನೂ ಹಗುರಾಗಿ ತೆಗೆದುಕೊಳ್ಳುವ ಶಾಲೆಗಳಿವೆ, "ನಮ್ಮ ದೇಶದಲ್ಲಿ ಅದೆಲ್ಲಿ" ಎಂದು. ಉಷ್ಣವಲಯದಲ್ಲಿ ಸೊನ್ನೆ ಡಿಗ್ರಿ ಸಿಗುವುದು ಸುಮಾರು 16,000 ಅಡಿಯಲ್ಲಿ. ಎಟಿಆರ್ ಹಾರುವುದು ಹೆಚ್ಚಾಗಿ ಅದರ ಆಸುಪಾಸಿನಲ್ಲಿ ಮತ್ತು ಸ್ವಲ್ಪ ಮೇಲೆ. ಆಷಾಢದಲ್ಲಿ ಮಲೆನಾಡಿನ ಮೇಲಿನ ಮೋಡದೊಳಗೂ ರೆಕ್ಕೆಯ ಅಂಚಿಗೆ ಮಂಜುಗಟ್ಟುತ್ತದೆ. ಜೆಟ್ ಇಂಥ ಮೋಡದ ಮೇಲಕ್ಕೆ ಬೇಗ ದಾಟಿ ಹೋಗುತ್ತದೆ, ಟರ್ಬೊಪ್ರಾಪ್ ಅದರಲ್ಲೇ ತೆವಳಬೇಕು. 1994ರಲ್ಲಿ ಅಮೆರಿಕದ ರೋಸ್‌ಲಾನ್‌ನಲ್ಲಿ ಎಟಿಆರ್ 72 ಒಂದು ಇದೇ ಕಾರಣಕ್ಕೆ ಬಿದ್ದು 68 ಜನ ಸತ್ತ ಮೇಲೆ ರೆಕ್ಕೆಯಂಚಿನ ಮಂಜು ಒಡೆಯುವ ರಬ್ಬರ್ ಪಟ್ಟಿಗಳನ್ನೇ ದೊಡ್ಡದು ಮಾಡಬೇಕಾಯಿತು. ವೇಗ ಕುಗ್ಗುವುದನ್ನು, ಎಚ್ಚರಿಕೆಯ ಸೂಚನೆಗಳನ್ನು ಗುರುತಿಸಿ ಹೊರಬರುವ ಅಭ್ಯಾಸಕ್ಕೆ ಪ್ರತ್ಯೇಕ ಸೆಷನ್ ಇದೆಯೇ ಎಂದು ಪಠ್ಯಕ್ರಮ ತರಿಸಿಕೊಂಡು ನೋಡಿ.

ಕಲಿಸುವವರು, ಜೊತೆಗೆ ಕಲಿಯುವವರು

ಸಿಮ್ಯುಲೇಟರಿನಲ್ಲಷ್ಟೇ ಕಲಿಸುವ ತರಬೇತುದಾರರು ಎಸ್‌ಎಫ್‌ಐ, ವಿಮಾನದಲ್ಲೂ ಕಲಿಸುವವರು ಟಿಆರ್‌ಐ, ಪರೀಕ್ಷೆ ತೆಗೆದುಕೊಳ್ಳುವವರು ಟಿಆರ್‌ಇ. ನಿವೃತ್ತ ಕ್ಯಾಪ್ಟನ್‌ಗಳು ಎಸ್‌ಎಫ್‌ಐ ಆಗಿರುವುದು ಹೆಚ್ಚು. ಅವರಲ್ಲಿ ತಾಳ್ಮೆ ಜಾಸ್ತಿ, ಅದು ದೊಡ್ಡ ಗುಣ. ಆದರೆ ಕೋರ್ಸಿನಲ್ಲಿ ಈಗಲೂ ಎಟಿಆರ್ ಹಾರಿಸುತ್ತಿರುವ ಒಬ್ಬರಾದರೂ ಇರಲಿ. ಮಳೆಗಾಲದಲ್ಲಿ ಮಂಗಳೂರಿನ ಟೇಬಲ್‌ಟಾಪ್ ರನ್‌ವೇಗೋ ಲಕ್ಷದ್ವೀಪದ ಅಗಟ್ಟಿಯ ಗಿಡ್ಡ ರನ್‌ವೇಗೋ ಇಳಿಸಿ ಬಂದವರು ಹೇಳುವ ಮಾತು ಪುಸ್ತಕದಲ್ಲಿ ಸಿಗುವುದಿಲ್ಲ. ಪ್ರತಿ ಸೆಷನ್‌ಗೂ ಹೊಸ ಮುಖ ಬರುತ್ತಿದ್ದರೆ ನಿಮ್ಮ ನಿನ್ನೆಯ ತಪ್ಪು ಇವತ್ತಿನವರಿಗೆ ಗೊತ್ತಿರುವುದಿಲ್ಲ. ಕೊನೇ ಪಕ್ಷ ಮೊದಲರ್ಧವಾದರೂ ಒಬ್ಬರೇ ನೋಡಿಕೊಳ್ಳುವಂತೆ ಕೇಳಿ.

ಸೆಷನ್ ಸಾಮಾನ್ಯವಾಗಿ ನಾಲ್ಕು ಗಂಟೆ, ಇಬ್ಬರು ಕಲಿಯುವವರು, ಎರಡೆರಡು ಗಂಟೆ ಹಾರಿಸುವ ಪಾಳಿ. ಜೊತೆಯವರ ತಯಾರಿ ಬಡವಾಗಿದ್ದರೆ ನಿಮ್ಮ ಕಲಿಕೆಯೂ ಬಡವಾಗುತ್ತದೆ. ಪರಿಚಯದ, ಸಮಬಲದ ಗೆಳೆಯನನ್ನೋ ಗೆಳತಿಯನ್ನೋ ಜೊತೆ ಮಾಡಿಕೊಂಡು ಸೇರುವುದು ಒಳ್ಳೆಯದು. ಇಬ್ಬರೂ ಒಂದೇ ಕೋಣೆ ಹಿಡಿದು, ಕಾಕ್‌ಪಿಟ್ ಪೋಸ್ಟರನ್ನು ಗೋಡೆಗಂಟಿಸಿ, ಎದುರು ಎರಡು ಕುರ್ಚಿ ಹಾಕಿ ಚೆಕ್‌ಲಿಸ್ಟ್ ಹೇಳಿಕೊಳ್ಳುವುದಕ್ಕೆ ಯಾವ ಶುಲ್ಕವೂ ಇಲ್ಲ, ಅದರಷ್ಟು ಲಾಭದ ಅಭ್ಯಾಸವೂ ಇಲ್ಲ.

ಸ್ಲಾಟ್ ಯಾವ ಹೊತ್ತಿನದು ಎಂಬುದನ್ನು ಕೇಳಲು ಮರೆಯುವವರೇ ಜಾಸ್ತಿ. ಸಿಮ್ಯುಲೇಟರ್ ಹಗಲು ರಾತ್ರಿ ಓಡುತ್ತದೆ. ಒಳ್ಳೆಯ ಹೊತ್ತೆಲ್ಲ ಕಂಪನಿಗಳ ಪಾಲಿಗೆ ಹೋಗಿ, ಸ್ವಂತ ದುಡ್ಡು ಕಟ್ಟಿದವರಿಗೆ ರಾತ್ರಿ ಎರಡರಿಂದ ಆರು ಉಳಿಯುತ್ತದೆ. ಒಂದೆರಡು ಸೆಷನ್ ಪರವಾಗಿಲ್ಲ, ಪೈಲಟ್ ಆದಮೇಲೂ ನಿದ್ದೆಗೆಡುವುದು ಇದ್ದದ್ದೇ. ಎಲ್ಲವೂ ಹಾಗೇ ಆದರೆ ಕಲಿಯುವುದು ಕಷ್ಟ.

ರಸೀದಿಯ ಹಿಂದಿನ ಲೆಕ್ಕ

ಕರಪತ್ರದ ಮೊತ್ತ ಎಂದೂ ಕೊನೆಯ ಮೊತ್ತವಲ್ಲ. ಜಿಎಸ್‌ಟಿ ಸೇರಿದೆಯೇ? ಪರೀಕ್ಷಕರ ಶುಲ್ಕ, ಡಿಜಿಸಿಎ ಶುಲ್ಕ, ಬೇಸ್ ಟ್ರೇನಿಂಗ್ ಯಾರ ಲೆಕ್ಕಕ್ಕೆ? ಒಂದು ಸೆಷನ್‌ನಲ್ಲಿ ತೃಪ್ತಿಕರವಾಗದಿದ್ದರೆ ಹೆಚ್ಚುವರಿ ಸೆಷನ್‌ಗೆ ಗಂಟೆಗೆ ಎಷ್ಟು? ಪರೀಕ್ಷೆಯಲ್ಲಿ ಫೇಲಾದರೆ ಮರುಪರೀಕ್ಷೆಗೆ ಎಷ್ಟು? ಸಿಮ್ಯುಲೇಟರ್ ಕೆಟ್ಟು ನಿಂತರೆ ಹೋಟೆಲ್ ಬಾಡಿಗೆ ಯಾರದು? ಇವೆಲ್ಲಕ್ಕೂ ಬರವಣಿಗೆಯಲ್ಲಿ ಉತ್ತರ ಬೇಕು, ವಾಟ್ಸ್ಆ್ಯಪ್ ಧ್ವನಿ ಸಂದೇಶದಲ್ಲಲ್ಲ. ಒಂದೇ ಕಂತಿನಲ್ಲಿ ಪೂರ್ತಿ ಕಟ್ಟಿದರೆ ರಿಯಾಯಿತಿ ಎಂದರೆ ಬೇಡ ಅನ್ನಿ. ಕ್ಲಾಸ್‌ರೂಮ್ ಪಾಠ ಮುಗಿದಾಗ ಒಂದು ಭಾಗ, ಸಿಮ್ಯುಲೇಟರ್ ಶುರುವಾದಾಗ ಒಂದು ಭಾಗ, ಹೀಗೆ ಕಟ್ಟುವುದು ಕ್ಷೇಮ.

"ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್" ಎಂಬ ಸಾಲಿಗೆ ನಾನು ಚಿಕ್ಕಾಸಿನ ಬೆಲೆಯನ್ನೂ ಕೊಡುವುದಿಲ್ಲ. ಕೆಲಸ ಕೊಡುವುದು ಕಂಪನಿ, ಅದರ ಆಯ್ಕೆ ಪರೀಕ್ಷೆಗೆ ಶಾಲೆಯ ಶಿಫಾರಸು ಹೆಚ್ಚೇನೂ ನಡೆಯುವುದಿಲ್ಲ. ನಡುವೆ ಬರುವ ಏಜೆಂಟರನ್ನಂತೂ ಮನೆಯ ಹೊಸಿಲು ದಾಟಿಸಬೇಡಿ.

ಹೊರದೇಶದ ಮಾತೂ ಬರುತ್ತದೆ. ಎಟಿಆರ್ ತಯಾರಾಗುವುದು ಫ್ರಾನ್ಸಿನ ತುಲೂಸ್‌ನಲ್ಲಿ. ಕಂಪನಿಯ ಸ್ವಂತ ತರಬೇತಿ ಕೇಂದ್ರಗಳು ಅಲ್ಲಿಯೂ ಸಿಂಗಪುರದಲ್ಲಿಯೂ ಇವೆ. ಗುಣಮಟ್ಟದ ಬಗ್ಗೆ ಅನುಮಾನವಿಲ್ಲ. ಆದರೆ ನಿಮ್ಮದು ಭಾರತದ ಲೈಸೆನ್ಸ್. ಆ ಸಂಸ್ಥೆ, ಆ ನಿರ್ದಿಷ್ಟ ಸಿಮ್ಯುಲೇಟರ್, ಕೊನೆಯ ಪರೀಕ್ಷೆ ತೆಗೆದುಕೊಳ್ಳುವ ಪರೀಕ್ಷಕರು ಮೂರನ್ನೂ ಡಿಜಿಸಿಎ ಒಪ್ಪಿರಬೇಕು. ಒಂದು ತಪ್ಪಿದರೂ ತಂದ ಸರ್ಟಿಫಿಕೇಟ್ ಇಲ್ಲಿ ಬರಿ ಕಾಗದ. ವೀಸಾ, ವಾಸ, ಊಟದ ಖರ್ಚು ಬೇರೆ. ಇಲ್ಲೇ ಮಾನ್ಯತೆಯ ಸಿಮ್ಯುಲೇಟರ್ ಸಿಗುವಾಗ ಸ್ವಂತ ಖರ್ಚಿನಲ್ಲಿ ಅಷ್ಟು ದೂರ ಹೋಗುವುದರಲ್ಲಿ ಅರ್ಥ ಕಾಣುವುದಿಲ್ಲ. ಕಂಪನಿಯೇ ಕಳಿಸಿದರೆ ಮಾತು ಬೇರೆ, ಖುಷಿಯಾಗಿ ಹೋಗಿಬನ್ನಿ.

ಎಟಿಆರ್ ಹಾರಿಸಿದರೆ ಮುಂದೆ ಜೆಟ್ ಸಿಗುವುದಿಲ್ಲ ಎಂಬ ಮಾತನ್ನು ನಂಬಬೇಕಿಲ್ಲ. ಎ320ಗೆ ಹೋಗುವಾಗ ಇನ್ನೊಂದು ಟೈಪ್ ರೇಟಿಂಗ್ ಮಾಡಲೇಬೇಕು, ಅದು ನಿಜ. ಆದರೆ ಎಟಿಆರ್‌ನಲ್ಲಿ ಸಿಗುವ ಗಂಟೆಗಳು ಮುಂದೆ ಕ್ಯಾಪ್ಟನ್ ಆಗಲು ಪಡೆಯುವ ಎಟಿಪಿಎಲ್ ಲೈಸೆನ್ಸಿಗೆ ಬೇಕಾದ 1,500 ಗಂಟೆಗೆ ಸೇರುತ್ತವೆ. ಒಂದೊಂದು ದಿನಕ್ಕೆ ನಾಲ್ಕಾರು ಸಲ ಹತ್ತಿ ಇಳಿಯುವ ಟರ್ಬೊಪ್ರಾಪ್ ಪೈಲಟ್‌ಗೆ ಕೈ ಪಳಗುವುದೂ ಬೇಗ.

ಮಾನ್ಯತೆ ಪಡೆದ ತರಬೇತಿ ಸಂಸ್ಥೆಗಳ ಪಟ್ಟಿ ಡಿಜಿಸಿಎ ಜಾಲತಾಣದಲ್ಲಿದೆ. ಮುಂಗಡ ಕಟ್ಟುವ ಹಿಂದಿನ ದಿನ ಅದನ್ನು ತೆರೆದು ಸಂಸ್ಥೆಯ ಹೆಸರು, ಎಟಿಆರ್ ಕೋರ್ಸು, ಅವಧಿ ಮೂರನ್ನೂ ನೀವೇ ಓದಿ ನೋಡಿ. ಸಿಮ್ಯುಲೇಟರಿನ ಮಾನ್ಯತಾ ಪತ್ರದ ಪ್ರತಿಯನ್ನು ಶಾಲೆಯಿಂದ ಕೇಳಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡುವವರಿಗೆ ದುಡ್ಡು ಕೊಡಬೇಡಿ.